ಸರ್ಟಿಫಿಕೇಟ್ ಕೇಳುತ್ತಿರುವವರು ಯಾರು?

ಈ ತಿಂಗಳ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಮೇಲೆ ಬಂದಿವೆ. ಪರಿಸರ, ಕಾರ್ಮಿಕರ ಕ್ಷೇಮ, ಸಾವಯವ ಅಂತ ನಾನಾ ಹೆಸರಿನ ಸರ್ಟಿಫಿಕೇಟುಗಳನ್ನು ಸಣ್ಣ ವ್ಯಾಪಾರದವರು ಮಾಡಿಸಬೇಕಾ, ಮಾಡಿಸಿದರೆ ಏನು ಲಾಭ ಅಂತ ಕೇಳಿದ್ದೀರಿ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿ ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಡೊಂಬಿವಲಿಯಲ್ಲಿ ಬಟ್ಟೆ ಚೀಲ ಹೊಲಿಯುವ ಸಣ್ಣ ಘಟಕ ನಡೆಸುತ್ತಿದ್ದೇನೆ. ಎಂಟು ಜನ ಹೆಂಗಸರು ಕೆಲಸಕ್ಕಿದ್ದಾರೆ. ಲೋವರ್ ಪರೇಲಿನ ಒಬ್ಬ ಎಕ್ಸ್‌ಪೋರ್ಟರ್ ನಮ್ಮ ಮಾಲು ಇಷ್ಟಪಟ್ಟರು, ಆದರೆ ಜರ್ಮನಿಗೆ ಕಳಿಸಬೇಕಾದರೆ ‘ಗಾಟ್ಸ್’ ಬೇಕು ಅಂದರು. ಅಷ್ಟರಲ್ಲಿ ಒಬ್ಬ ಏಜೆಂಟ್ ಬಂದು ‘ಎಂಟು ಸಾವಿರ ಕೊಡಿ, ವಾರದಲ್ಲಿ ಐಎಸ್‌ಒ ಸರ್ಟಿಫಿಕೇಟ್ ಕೈಗೆ ಕೊಡ್ತೀನಿ, ಯಾರೂ ಬಂದು ನೋಡೋದಿಲ್ಲ’ ಅಂತಿದ್ದಾನೆ. ಮಾಡಿಸಲಾ?

ಉತ್ತರ: ಬೇಡ ಅಕ್ಕಾ. ಆ ಎಂಟು ಸಾವಿರ ಉಳಿಸಿಕೊಳ್ಳಿ. ಯಾರೂ ಬಂದು ನೋಡುವುದಿಲ್ಲ ಅನ್ನುವುದನ್ನು ಅವನು ಅನುಕೂಲ ಅಂತ ಹೇಳುತ್ತಿದ್ದಾನೆ, ಆದರೆ ಸರ್ಟಿಫಿಕೇಟಿಗೆ ಬೆಲೆ ಬರುವುದೇ ಹೊರಗಿನವರು ಯಾರಾದರೂ ಬಂದು ನೋಡಿದ್ದಾರೆ ಅನ್ನುವ ಕಾರಣಕ್ಕೆ. ನಿಮ್ಮ ಗಿರಾಕಿ ಕೇಳಿದ್ದು ಗಾಟ್ಸ್, ಅಂದರೆ ಸಾವಯವ ಬಟ್ಟೆಯ ಸರ್ಟಿಫಿಕೇಟ್. ಅದರ ಜಾಗದಲ್ಲಿ ಐಎಸ್‌ಒ ಕಾಗದ ತೋರಿಸಿದರೆ ಅವರು ಮುಖ ಕೂಡ ನೋಡುವುದಿಲ್ಲ.

ಇನ್ನೊಂದು ವಿಷಯ. ಐಎಸ್‌ಒ ಅನ್ನುವ ಅಂತರರಾಷ್ಟ್ರೀಯ ಗುಣಮಟ್ಟದ ಸಂಸ್ಥೆ ನಿಯಮಗಳನ್ನು ಬರೆಯುತ್ತದೆ ಅಷ್ಟೇ, ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಕೊಡುವವರು ಬೇರೆ ಏಜೆನ್ಸಿಗಳು. ಆ ಏಜೆನ್ಸಿಗಳನ್ನು ಪರೀಕ್ಷಿಸಿ ಮಾನ್ಯತೆ ಕೊಡುವುದಕ್ಕೆ ನಮ್ಮ ದೇಶದಲ್ಲಿ ಎನ್‌ಎಬಿಸಿಬಿ ಅಂತ ಒಂದು ಮಂಡಳಿ ಇದೆ, ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಕೆಳಗೆ. ಯಾರಾದರೂ ಸರ್ಟಿಫಿಕೇಟ್ ತೋರಿಸಿದರೆ ಇಂಥ ಮಾನ್ಯತಾ ಮಂಡಳಿಯ ಗುರುತು ಇದೆಯಾ, ಘಟಕದ ವಿಳಾಸ ಸರಿ ಇದೆಯಾ, ಯಾವ ಕೆಲಸಕ್ಕೆ ಕೊಟ್ಟಿದ್ದಾರೆ, ಎಲ್ಲಿಯವರೆಗೆ ನಡೆಯುತ್ತದೆ, ಇಷ್ಟು ನೋಡಿ. ಐಎಸ್‌ಒದ ಸ್ವಂತ ಲೋಗೋವನ್ನೇ ದೊಡ್ಡದಾಗಿ ಅಚ್ಚು ಹಾಕಿದ್ದರೆ ಅನುಮಾನ ಪಡಿ, ಯಾಕೆಂದರೆ ಆ ಲೋಗೋ ಬಳಸಲು ಸಂಸ್ಥೆ ಬೇರೆಯವರಿಗೆ ಬಿಡುವುದಿಲ್ಲ.

ಈಗ ಗಾಟ್ಸ್ ವಿಷಯ. ಇದು ಸಾವಯವ ಬಟ್ಟೆಯ ಜಾಗತಿಕ ಗುಣಮಟ್ಟ. ಬಟ್ಟೆಯಲ್ಲಿ ಕನಿಷ್ಠ ಶೇ. 70 ಸಾವಯವ ನಾರು ಇರಬೇಕು, ಲೇಬಲ್ ಮೇಲೆ ನೇರವಾಗಿ ‘ಆರ್ಗ್ಯಾನಿಕ್’ ಅಂತ ಹಾಕಬೇಕಾದರೆ ಶೇ. 95. ಹತ್ತಿ ಬಿಡಿಸುವ ಜಿನ್ನಿಂಗ್‌ನಿಂದ ಹಿಡಿದು ನೂಲು, ನೇಯ್ಗೆ, ಬಣ್ಣ, ಹೊಲಿಗೆವರೆಗೆ ಪ್ರತಿ ಹಂತದವರೂ ಇದರೊಳಗೆ ಬರಬೇಕು, ನಡುವೆ ಒಂದು ಕೊಂಡಿ ಕಳಚಿದರೂ ಲೇಬಲ್ ಸಿಗುವುದಿಲ್ಲ. ಮಾಲು ಕೈ ಬದಲಾಗುವಾಗ ‘ಟಿಸಿ’ ಅಂದರೆ ಟ್ರಾನ್ಸಾಕ್ಷನ್ ಸರ್ಟಿಫಿಕೇಟ್ ಬೇರೆ ಬೇಕು. ಹಾಗಾಗಿ ನೀವು ಮಾರ್ಕೆಟ್‌ನಿಂದ ತಂದ ಮಾಮೂಲಿ ಕಾಟನ್ ಬಟ್ಟೆಯಲ್ಲಿ ಎಷ್ಟು ಚೆನ್ನಾಗಿ ಹೊಲಿದರೂ ಅದು ಗಾಟ್ಸ್ ಆಗುವುದಿಲ್ಲ.

ಎಂಟು ಜನರ ಘಟಕಕ್ಕೆ ಸ್ವಂತ ಸರ್ಟಿಫಿಕೇಟ್ ಖರ್ಚು ಭಾರವೇ. ಆ ಎಕ್ಸ್‌ಪೋರ್ಟರ್‌ಗೆ ಈಗಾಗಲೇ ಗಾಟ್ಸ್ ಇದ್ದರೆ, ಬಟ್ಟೆ ಅವರೇ ಕೊಟ್ಟು ನೀವು ಜಾಬ್‌ವರ್ಕ್ ಮಾಡುವಂತಿದ್ದರೆ, ಅವರ ಸರ್ಟಿಫಿಕೇಟಿನಲ್ಲೇ ನಿಮ್ಮನ್ನು ಸಬ್‌ಕಾಂಟ್ರಾಕ್ಟರ್ ಆಗಿ ಸೇರಿಸುವ ದಾರಿ ಇದೆ. ಮೊದಲು ಇದನ್ನೇ ಕೇಳಿ. ತಪಾಸಣೆ ಮಾತ್ರ ಆಗಿಯೇ ಆಗುತ್ತದೆ.

ತಪಾಸಣೆಗೆ ಬಂದವರು ಏನು ನೋಡುತ್ತಾರೆ ಗೊತ್ತಾ? ಬಟ್ಟೆಯ ಬಿಲ್ಲು ಮಾತ್ರ ಅಂದುಕೊಳ್ಳಬೇಡಿ. ಹಾಜರಿ ಪುಸ್ತಕ ನೋಡುತ್ತಾರೆ, ಸಂಬಳ ಕೊಟ್ಟ ದಾಖಲೆ ನೋಡುತ್ತಾರೆ. ಬೆಂಕಿ ಆರಿಸುವ ಸಿಲಿಂಡರಿನ ಕತ್ತಿಗೆ ಕಟ್ಟಿರುವ ಚೀಟಿ ತಿರುಗಿಸಿ ರೀಫಿಲ್ ತಾರೀಖು ಓದುತ್ತಾರೆ. ಹಿಂಬಾಗಿಲಿಗೆ ಹೋಗಿ ಕೈಯಿಂದ ತಳ್ಳಿ ನೋಡುತ್ತಾರೆ, ಅದಕ್ಕೆ ಬೀಗ ಇದ್ದರೆ ಅಥವಾ ಬಟ್ಟೆಯ ತಾನು ಅಡ್ಡ ಪೇರಿಸಿಟ್ಟಿದ್ದರೆ ಬರೆದುಕೊಳ್ಳುತ್ತಾರೆ. ಆಮೇಲೆ ನಿಮ್ಮನ್ನು ಹೊರಗೆ ಕೂರಿಸಿ, ಹೊಲಿಯುವ ಹೆಂಗಸರ ಜೊತೆ ಬೇರೆಯಾಗಿ ಮಾತಾಡುತ್ತಾರೆ. ಇದೆಲ್ಲ ಸರ್ಟಿಫಿಕೇಟ್ ಬೇಕೋ ಬೇಡವೋ, ಇವತ್ತೇ ಸರಿ ಮಾಡಿಕೊಳ್ಳಬಹುದಾದ ಕೆಲಸ, ಜಾಸ್ತಿ ದುಡ್ಡೂ ಬೇಡ.

ಪ್ರಶ್ನೆ: ಮಾಟುಂಗಾದಲ್ಲಿ ನಮ್ಮದು ಸಸ್ಯಾಹಾರಿ ಹೋಟೆಲ್. ಈಗ ಪಾರ್ಸೆಲ್‌ಗೆಲ್ಲ ‘ಬಯೋಡಿಗ್ರೇಡಬಲ್’ ಡಬ್ಬಿ, ಚೀಲ ತರಿಸುತ್ತಿದ್ದೇವೆ. ಬೋರ್ಡ್ ಮೇಲೆ ‘ಇಕೋ ಫ್ರೆಂಡ್ಲಿ ಹೋಟೆಲ್’ ಅಂತ ಬರೆಸೋಣ ಅಂತ ಮಗ ಹೇಳುತ್ತಾನೆ. ತೊಂದರೆ ಇದೆಯಾ?

ಉತ್ತರ: ಮಗನ ಉತ್ಸಾಹ ಒಳ್ಳೆಯದು, ಆದರೆ ಹಾಗೆ ಬರೆಸಬೇಡಿ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಪರಿಸರದ ಹೆಸರಿನಲ್ಲಿ ಹೇಳುವ ಸುಳ್ಳುಗಳ ಮೇಲೆ ಮಾರ್ಗಸೂಚಿ ಹೊರಡಿಸಿದೆ. ‘ಇಕೋ ಫ್ರೆಂಡ್ಲಿ’, ‘ಗ್ರೀನ್’, ‘ಸಸ್ಟೈನಬಲ್’ ಅಂತ ಹೇಳಿಕೊಳ್ಳುವವರು ಅದಕ್ಕೆ ಆಧಾರ ಕೊಡಬೇಕು. ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ. ಇಡೀ ಹೋಟೆಲ್ ಪರಿಸರಕ್ಕೆ ಒಳ್ಳೆಯದು ಅಂತ ನೀವು ಹೇಗೆ ತೋರಿಸುತ್ತೀರಿ? ಡಬ್ಬಿ ಕಬ್ಬಿನ ಸಿಪ್ಪೆಯದಾಗಿದ್ದರೆ ‘ನಮ್ಮ ಪಾರ್ಸೆಲ್ ಡಬ್ಬಿ ಕಬ್ಬಿನ ಸಿಪ್ಪೆಯದು’ ಅಂತ ಬರೆಸಿ. ಅದು ನಿಜ, ಕೇಳಿದರೆ ಬಿಲ್ಲು ತೋರಿಸಬಹುದು.

ಚೀಲದ ವಿಷಯದಲ್ಲಿ ಸಪ್ಲೈಯರ್ ಮಾತು ನಂಬಿ ಕೂರಬೇಡಿ. ಕಾಂಪೋಸ್ಟಬಲ್ ಅಂದರೆ ಗೊಬ್ಬರವಾಗುವ ಪ್ಲಾಸ್ಟಿಕ್ ಚೀಲ ತಯಾರಿಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ಟಿಫಿಕೇಟ್ ಪಡೆದಿರಬೇಕು, ಅದರ ನಂಬರ್ ಕೊಡಿ ಅಂತ ಕೇಳಿ. ಕೊಡಲು ತಡವರಿಸಿದರೆ ಅಂಗಡಿ ಬದಲಿಸಿ. ಅಸಲಿ ಚೀಲ ಕೂಡ ಕಾಂಪೋಸ್ಟ್ ಘಟಕದ ಬಿಸಿಯಲ್ಲಿ ಕೊಳೆಯುವಂಥದ್ದು. ಗಿರಾಕಿ ಅದನ್ನು ಒಣಕಸದ ಜೊತೆ ಎಸೆದು ಅದು ದೇವನಾರ್ ಕಸದ ಗುಡ್ಡ ಸೇರಿದರೆ, ನೀವು ಕೊಟ್ಟ ಜಾಸ್ತಿ ದುಡ್ಡಿಗೆ ಏನೂ ಸಿಕ್ಕ ಹಾಗಾಗಲಿಲ್ಲ. ಚೀಲವೇ ಬೇಡ ಅಂದವರಿಗೆ ಎರಡು ರೂಪಾಯಿ ಕಡಿಮೆ ಮಾಡಿ ನೋಡಿ.

ನನ್ನ ಕೇಳಿದರೆ ನಿಮ್ಮ ಹೋಟೆಲಿನ ದೊಡ್ಡ ವಿಷಯ ಇರುವುದು ಬಾಣಲೆಯಲ್ಲಿ. ವಡೆ, ಬಜ್ಜಿ, ಪೂರಿ ಕರಿದ ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್, ಅಂದರೆ ಪದೇ ಪದೇ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಅಂಶ, ಶೇ. 25 ದಾಟಿದರೆ ಆ ಎಣ್ಣೆ ಬಳಸುವ ಹಾಗಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈನಿಂದ ಇದೆ. ಅಂಥ ಎಣ್ಣೆಯನ್ನು ಬಯೋಡೀಸೆಲ್ ಮಾಡುವವರಿಗೆ ಸೇರಿಸಲು ಅದೇ ಪ್ರಾಧಿಕಾರ ‘ರುಕೋ’ ಅಂತ ಯೋಜನೆ ಶುರು ಮಾಡಿದೆ. ನೋಂದಾಯಿತ ಸಂಗ್ರಹಗಾರರಿಗೆ ಕೊಡಿ, ದುಡ್ಡೂ ಬರುತ್ತದೆ, ರಸೀದಿಯೂ ಬರುತ್ತದೆ. ಇದರ ಜೊತೆ ಪ್ರಾಧಿಕಾರದ ಹೈಜೀನ್ ರೇಟಿಂಗ್ ಮಾಡಿಸಿ ಬಾಗಿಲಲ್ಲಿ ಅಂಟಿಸಿ. ಬೀದಿ ಬದಿ ತಳ್ಳುಗಾಡಿಗೆ ಹಳೆ ಎಣ್ಣೆ ಮಾರುವ ಪದ್ಧತಿ ನಮ್ಮ ಊರಿನಲ್ಲಿ ಎಷ್ಟಿದೆ ಅಂತ ನಿಮಗೇ ಗೊತ್ತು, ಅದು ಬಡವರ ಹೊಟ್ಟೆಗೇ ಹೋಗುತ್ತದೆ. ಅದನ್ನು ನಿಲ್ಲಿಸಿದ ಹೋಟೆಲಿಗೆ ನಾನಂತೂ ಕೈ ಮುಗಿಯುತ್ತೇನೆ.

ಪ್ರಶ್ನೆ: ಪುಣೆಯ ಭೋಸರಿಯಲ್ಲಿ ನಮ್ಮದು ಮೆಷಿನಿಂಗ್ ಶಾಪ್. ನಾವು ಮಾಲು ಕೊಡುವ ದೊಡ್ಡ ಕಂಪನಿ ಈ ವರ್ಷ ಕರೆಂಟ್, ನೀರು, ಕಸ, ಕೆಲಸಗಾರರ ಬಗ್ಗೆ ಉದ್ದದ ಪ್ರಶ್ನಾವಳಿ ಕಳಿಸಿದೆ. ‘ಇಕೋವಾಡಿಸ್ ಇದೆಯಾ’ ಅಂತಾನೂ ಕೇಳಿದೆ. ಇಷ್ಟು ವರ್ಷ ಯಾರೂ ಕೇಳದ್ದು ಈಗ್ಯಾಕೆ?

ಉತ್ತರ: ಅವರನ್ನೂ ಯಾರೋ ಕೇಳುತ್ತಿದ್ದಾರೆ, ಅದಕ್ಕೆ. ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ 1000 ಕಂಪನಿಗಳು ‘ಬಿಆರ್‌ಎಸ್‌ಆರ್’ ಅನ್ನುವ ವರದಿ ಕೊಡಬೇಕು ಅಂತ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಎಷ್ಟು ಇಂಧನ ಸುಟ್ಟಿರಿ, ಎಷ್ಟು ನೀರು ಬಳಸಿದಿರಿ, ಅಪಘಾತ ಎಷ್ಟಾಯಿತು, ಎಲ್ಲ ಅದರಲ್ಲಿ ಬರುತ್ತದೆ. ಹೊರದೇಶದ ಗಿರಾಕಿಗಳೂ ಹಿಂದೆ ಬಿದ್ದಿರುತ್ತಾರೆ. ಆ ಪ್ರಶ್ನೆಗಳು ಇಳಿದು ಇಳಿದು ನಿಮ್ಮ ಶೆಡ್ಡಿಗೆ ಬಂದಿವೆ, ಇನ್ನು ನಿಲ್ಲುವುದಿಲ್ಲ.

ಇಕೋವಾಡಿಸ್ ಸರ್ಟಿಫಿಕೇಟ್ ಅಲ್ಲ. ಅದೊಂದು ಫ್ರೆಂಚ್ ಕಂಪನಿ ಕೊಡುವ ಅಂಕಪಟ್ಟಿ, ನೀವು ಕೊಟ್ಟ ದಾಖಲೆ ನೋಡಿ ಅಂಕ ಹಾಕುತ್ತಾರೆ, ಪ್ರತಿ ವರ್ಷ ಚಂದಾ ಕಟ್ಟಬೇಕು. ಇಂಥದ್ದೇ ಬೇಕಾ ಅಥವಾ ಪರಿಸರ ನಿರ್ವಹಣೆಯ ಐಎಸ್‌ಒ 14001 ಸಾಕಾ ಅಂತ ನೀವು ಮಾಲು ಕೊಡುವ ಕಂಪನಿಯ ಖರೀದಿ ವಿಭಾಗಕ್ಕೆ ಒಂದು ಮೇಲ್ ಹಾಕಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಫೋನಿನಲ್ಲಿ ಹೇಳಿದ್ದನ್ನು ನಂಬಿ ದುಡ್ಡು ಹಾಕಬೇಡಿ. ಫೀಸು ಅವರು ಹಂಚಿಕೊಳ್ಳುತ್ತಾರಾ ಅಂತಾನೂ ಕೇಳಿ, ನಾಚಿಕೆ ಬೇಡ.

ಸುಮ್ನೆ ಕೂರುವ ಬದಲು ಸಣ್ಣ ಉದ್ಯಮಗಳಿಗೆ ಕೇಂದ್ರ ಸರಕಾರದ ಸರ್ಟಿಫಿಕೇಟ್ ಯೋಜನೆ ‘ಜೆಡ್’ ನೋಡಿ, 2022ರಲ್ಲಿ ಹೊಸ ರೂಪದಲ್ಲಿ ಬಂದಿದ್ದು. ಉದ್ಯಮ್ ನೋಂದಣಿ ಇರುವ ತಯಾರಿಕಾ ಘಟಕಗಳಿಗೆ ಕಂಚು, ಬೆಳ್ಳಿ, ಚಿನ್ನ ಅಂತ ಮೂರು ಮೆಟ್ಟಿಲು. ಯೋಜನೆಯ ಪ್ರಕಾರ ಫೀಸಿನಲ್ಲಿ ಮೈಕ್ರೋ ಘಟಕಕ್ಕೆ ಶೇ. 80 ಸಬ್ಸಿಡಿ, ಸ್ಮಾಲ್‌ಗೆ 60, ಮೀಡಿಯಂಗೆ 50. ಮಹಿಳೆಯರ ಘಟಕಕ್ಕೆ ಪೂರ್ತಿ ಸಬ್ಸಿಡಿ, ಡೊಂಬಿವಲಿ ಅಕ್ಕನೂ ಗಮನಿಸಲಿ. ಕಂಚಿನ ಹಂತದಲ್ಲಿ ಕೇಳುವುದು ಶುಚಿತ್ವ, ಸುರಕ್ಷತೆ, ಗುಣಮಟ್ಟ ಇಂಥ ಮೂಲ ವಿಷಯಗಳನ್ನೇ. ಆ ದಾಖಲೆ ಇಟ್ಟುಕೊಂಡರೆ ದೊಡ್ಡ ಕಂಪನಿಯ ಪ್ರಶ್ನಾವಳಿಯಲ್ಲಿ ಒಂದಷ್ಟು ಭಾಗ ತಾನಾಗಿ ತುಂಬುತ್ತದೆ. ಈ ತಿಂಗಳಿಂದಲೇ ಕರೆಂಟ್ ಬಿಲ್ಲಿನ ಯೂನಿಟ್, ಮಾರಿದ ಸ್ಕ್ರಾಪ್ ಕಿಲೋ, ಕೂಲಂಟ್ ಎಷ್ಟು ಲೀಟರ್ ಹೊರಹೋಯಿತು, ಯಾರಿಗೆ ಕೊಟ್ಟಿರಿ, ಒಂದು ಪುಸ್ತಕದಲ್ಲಿ ಬರೆಯಿರಿ.

ಪ್ರಶ್ನೆ: ಮಡಗಾಂವ್‌ನಿಂದ ಬರೆಯುತ್ತಿದ್ದೇನೆ. ಕಂಪನಿಯೇ ದುಡ್ಡು ಕೊಟ್ಟು ತನ್ನನ್ನು ಪರೀಕ್ಷೆ ಮಾಡಿಸಿಕೊಳ್ಳುತ್ತದೆ. ಇದಕ್ಕೆ ಏನು ಅರ್ಥ? ಎಲ್ಲ ಕಾಗದದ ಆಟ ಅನ್ನಿಸುತ್ತದೆ.

ಉತ್ತರ: ನಿಮ್ಮ ಸಿಟ್ಟಿಗೆ ಕಾರಣ ಇದೆ. 2012ರ ಸೆಪ್ಟೆಂಬರ್‌ನಲ್ಲಿ ಕರಾಚಿಯ ಒಂದು ಗಾರ್ಮೆಂಟ್ ಕಾರ್ಖಾನೆಗೆ ಬೆಂಕಿ ಬಿತ್ತು. 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗೆ ಕಬ್ಬಿಣದ ಸರಳು, ಹೊರಹೋಗುವ ಬಾಗಿಲಿಗೆ ಬೀಗ. ಕೆಲವೇ ವಾರಗಳ ಹಿಂದೆ ಆ ಕಾರ್ಖಾನೆಗೆ ಎಸ್‌ಎ 8000 ಸಿಕ್ಕಿತ್ತು, ಅದು ಕಾರ್ಮಿಕರ ಹಿತ ಕಾಯುವ ಸರ್ಟಿಫಿಕೇಟ್. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮಲ್ಲೂ 2020ರಲ್ಲಿ ನಕಲಿ ದಾಖಲೆ ತೋರಿಸಿ ಸುಮಾರು 20 ಸಾವಿರ ಟನ್ ಹತ್ತಿಯನ್ನು ಸಾವಯವ ಅಂತ ದಾಟಿಸಲು ನೋಡಿದ್ದು ಬಯಲಾಯಿತು.

ಆದರೂ ಎಲ್ಲ ಸುಳ್ಳು ಅಂತ ನಾನು ಒಪ್ಪುವುದಿಲ್ಲ. ಆ ಹತ್ತಿ ಮೋಸವನ್ನು ಹೊರಗೆ ಹಾಕಿದ್ದು ಗಾಟ್ಸ್ ಸಂಸ್ಥೆಯೇ, 11 ಕಂಪನಿಗಳನ್ನು ನಿಷೇಧಿಸಿದ್ದೂ ಅದೇ. ದಾಖಲೆಯ ಜಾಡು ಇದ್ದುದರಿಂದ ಹಿಡಿಯಲು ಆಯಿತು, ಅಲ್ವಾ? 2013ರಲ್ಲಿ ಢಾಕಾ ಹತ್ತಿರ ಗಾರ್ಮೆಂಟ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತ ಮೇಲೆ ಬಟ್ಟೆ ಬ್ರಾಂಡುಗಳೂ ಕಾರ್ಮಿಕ ಸಂಘಗಳೂ ‘ಅಕಾರ್ಡ್’ ಅಂತ ಒಪ್ಪಂದ ಮಾಡಿಕೊಂಡವು. ಅದರಲ್ಲಿ ಕಾರ್ಖಾನೆ ಮಾಲೀಕ ತನಗೆ ಬೇಕಾದ ತಪಾಸಕನನ್ನು ಕರೆಸುವ ಹಾಗಿರಲಿಲ್ಲ. ಸ್ವತಂತ್ರ ಇಂಜಿನಿಯರ್‌ಗಳು ಹೋಗಿ ನೋಡಿದರು, ವರದಿಗಳು ಎಲ್ಲರಿಗೂ ಓದಲು ಸಿಕ್ಕವು, ಸಹಿ ಹಾಕಿದ ಬ್ರಾಂಡುಗಳನ್ನು ಕಾನೂನು ಕಟ್ಟಿಹಾಕಿತ್ತು. 2023ರಿಂದ ಪಾಕಿಸ್ತಾನಕ್ಕೂ ಅದು ಬಂದಿದೆ. ಹಾಗಾಗಿ ಯಾವ ಸರ್ಟಿಫಿಕೇಟ್ ಬಂದರೂ ನಾನು ಮೂರು ವಿಷಯ ಕೇಳುತ್ತೇನೆ: ತಪಾಸಕನನ್ನು ಆರಿಸಿದ್ದು ಯಾರು, ಹೇಳದೆ ಬರುತ್ತಾರಾ, ವರದಿ ಹೊರಗಿನವರಿಗೆ ಸಿಗುತ್ತದಾ. ನೀವೂ ಕೇಳಿ. ದುಡ್ಡು ಯಾರದ್ದು ಅನ್ನುವುದಕ್ಕಿಂತ ಇವುಗಳ ಉತ್ತರದಲ್ಲಿ ಜಾಸ್ತಿ ತಿಳಿಯುತ್ತದೆ.

ಪ್ರಶ್ನೆ: ಮುಲುಂಡ್‌ನಲ್ಲಿ ತೊಗರಿಬೇಳೆ, ಬೆಲ್ಲ ‘ಆರ್ಗ್ಯಾನಿಕ್’ ಅಂತ ಒಂದೂವರೆ ಪಟ್ಟು ಬೆಲೆಗೆ ಮಾರುತ್ತಾರೆ. ಹೇಗೆ ನಂಬುವುದು?

ಉತ್ತರ: ಪ್ಯಾಕೆಟ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ‘ಜೈವಿಕ್ ಭಾರತ್’ ಲೋಗೋ ಹುಡುಕಿ. ಅದರ ಜೊತೆ ಕೇಂದ್ರದ ಸಾವಯವ ಕಾರ್ಯಕ್ರಮ ಎನ್‌ಪಿಒಪಿಯ ‘ಇಂಡಿಯಾ ಆರ್ಗ್ಯಾನಿಕ್’ ಅಥವಾ ‘ಪಿಜಿಎಸ್ ಇಂಡಿಯಾ’ ಗುರುತು ಇರಬೇಕು. ‘ಇಂಡಿಯಾ ಆರ್ಗ್ಯಾನಿಕ್’ನಲ್ಲಿ ಹೊರಗಿನ ಏಜೆನ್ಸಿ ತಪಾಸಣೆ ಮಾಡುತ್ತದೆ, ಪಿಜಿಎಸ್‌ನಲ್ಲಿ ರೈತರ ಗುಂಪಿನವರು ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತರಿ ಕೊಡುತ್ತಾರೆ, ಅದಕ್ಕೇ ಸಣ್ಣ ರೈತರಿಗೆ ಖರ್ಚು ಕಡಿಮೆ. ಬರೀ ‘ನ್ಯಾಚುರಲ್’, ‘ಶುದ್ಧ’, ‘ಗಾವ್‌ರಾನ್’ (ಹಳ್ಳಿಯದು) ಅಂತ ಮಾತ್ರ ಇದ್ದರೆ ಜಾಸ್ತಿ ದುಡ್ಡು ಕೊಡಬೇಡಿ. ಬಿಡಿಯಾಗಿ ಗೋಣಿಯಿಂದ ತೂಗಿ ಕೊಡುವ ಅಂಗಡಿಯಾದರೆ ಗೋಣಿಯ ಲೇಬಲ್ ತೋರಿಸಿ ಅಂತ ಕೇಳಿ, ತೋರಿಸದಿದ್ದರೆ ಮಾಮೂಲಿ ಬೇಳೆಯ ದರಕ್ಕೆ ಚೌಕಾಸಿ ಮಾಡಿ.