ರಜೆಯಲ್ಲಿರುವ ಯೋಧನಿಗೆ ಕರೆ ಬಂದಾಗ

ಪ್ರಶ್ನೆ: ಪೊನ್ನಂಪೇಟೆ ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಯಜಮಾನರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದಾರೆ. ರಜೆಗೆ ಬಂದಿರುವ ಒಬ್ಬನೇ ಮಗನಿಗೆ, ಘಟಕ ಗಡಿಗೆ ಹೊರಟಿದೆ, ಕೂಡಲೇ ಮರಳಬೇಕೆಂದು ಸೂಚನೆ ಬಂದಿದೆ. ಕಡ್ಡಾಯ ಸೇನಾಸೇವೆಯಿರುವ ದೇಶಗಳಲ್ಲೇ ಮನೆಯ ಕಷ್ಟ ನೋಡಿ ಮುಂದೂಡುತ್ತಾರಂತೆ, ನಮಗೇಕೆ ಆಗದು? ಜಮ್ಮಾ ಜಮೀನಿನ (ಕೊಡಗಿನ ವಂಶಪಾರಂಪರ್ಯ ಹಿಡುವಳಿಯ) ದಾವೆಯೂ ಅವನ ಹೆಸರಿನಲ್ಲಿದೆ.

ಉತ್ತರ: ನೀವು ಕೇಳಿರುವುದು ಸುಳ್ಳಲ್ಲ. ಬ್ರಿಟನ್ 1916ರಲ್ಲಿ ಕಡ್ಡಾಯ ಸೇವೆಯನ್ನು ಜಾರಿಗೆ ತಂದಾಗ, ಹಣಕಾಸು, ವ್ಯವಹಾರ ಅಥವಾ ಮನೆಯ ಸ್ಥಿತಿಯಿಂದಾಗಿ ತೀವ್ರ ಸಂಕಷ್ಟ ಒದಗುವವರು ಸ್ಥಳೀಯ ನ್ಯಾಯಮಂಡಳಿಯ ಮುಂದೆ ವಿನಾಯಿತಿ ಕೋರಲು ಆ ಕಾಯ್ದೆಯಲ್ಲೇ ಅವಕಾಶವಿತ್ತು. ಆದರೆ ಅದು ಒಲ್ಲದವರನ್ನೂ ಸೇನೆಗೆ ಸೇರಿಸುವ ಕಾನೂನಿಗೆ ಅಂಟಿಕೊಂಡಿದ್ದ ರಿಯಾಯಿತಿ. ಭಾರತದಲ್ಲಿ ಕಡ್ಡಾಯ ಭರ್ತಿಯಿಲ್ಲ. ತಾನಾಗಿ ಸೇರಿದ ನಿಮ್ಮ ಮಗನಿಗೆ ರಜೆಯ ವಿಸ್ತರಣೆಯು ಹಕ್ಕಲ್ಲ, ಮೇಲಧಿಕಾರಿಗಳ ವಿವೇಚನೆಗೆ ಬಿಟ್ಟದ್ದು.

1950ರ ಸೇನಾ ಕಾಯ್ದೆಯ 39ನೇ ಕಲಮಿನ ಪ್ರಕಾರ, ರಜೆಯಲ್ಲಿರುವಾಗ ತನ್ನ ಪಡೆಗೆ ಸಕ್ರಿಯ ಸೇವೆಯ ಆದೇಶವಾಗಿದೆಯೆಂದು ಅಧಿಕೃತವಾಗಿ ತಿಳಿದ ಮೇಲೂ ಸಾಕಷ್ಟು ಕಾರಣವಿಲ್ಲದೆ ಮರಳಲು ತಡಮಾಡಿದವನಿಗೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ‘ಸಾಕಷ್ಟು ಕಾರಣ’ ಎಂಬ ಮಾತನ್ನೇ ನೆಚ್ಚಿಕೊಂಡು ಮನೆಯಲ್ಲಿ ಕೂರುವುದು ಅಪಾಯಕರ, ಏಕೆಂದರೆ ಅದು ಸಾಕೋ ಸಾಲದೋ ಎಂಬುದನ್ನು ನಿರ್ಧರಿಸುವವರು ನೀವಲ್ಲ. ಅರ್ಜಿ ಕಳಿಸಿದರೆ ಸಾಕು ಎಂದು ಊರಿನ ಮಾಜಿ ಸೈನಿಕರು ಧೈರ್ಯ ಹೇಳಬಹುದು (ಕೊಡಗಿನಲ್ಲಿ ಅಂಥ ಸಲಹೆಗಾರರಿಗೆ ಬರವಿಲ್ಲ). ಒಪ್ಪಿಗೆ ಬರುವವರೆಗೆ ಅದು ಅರ್ಜಿಯೇ ಹೊರತು ರಜೆಯಲ್ಲ.

ಆದ್ದರಿಂದ ಮಗ ಇಂದೇ ಘಟಕಕ್ಕೆ ಫೋನ್ ಮಾಡಿ ಸ್ಥಿತಿ ತಿಳಿಸಲಿ. ಆಸ್ಪತ್ರೆಯ ದಾಖಲೆಗಳನ್ನೂ, ಮನೆಯಲ್ಲಿ ನೋಡಿಕೊಳ್ಳುವ ಬೇರೆ ವಯಸ್ಕರಿಲ್ಲವೆಂಬುದಕ್ಕೆ ಕಂದಾಯ ಅಧಿಕಾರಿಗಳ ದೃಢೀಕರಣವನ್ನೂ ಲಗತ್ತಿಸಿ, ಎಷ್ಟು ದಿನ ಬೇಕೆಂದು ಖಚಿತವಾಗಿ ಬರೆಯಲಿ. ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯ ನೆರವು ಕೇಳಬಹುದು. ಕಾಫಿ ಕೊಯ್ಲಿಗೆ ಆಳಿಲ್ಲವೆಂಬುದನ್ನು ಮಾತ್ರ ಸೇರಿಸಬೇಡಿ. ಯಜಮಾನರ ಕಾಯಿಲೆಯ ತೂಕ ಅದರಿಂದ ಕಡಿಮೆಯಾದೀತು. ಒಪ್ಪಿಗೆ ಸಿಗದಿದ್ದರೆ ಅವನು ಹೊರಡಲೇಬೇಕು; ಅನುಕಂಪದ ಆಧಾರದ ರಜೆಯನ್ನು ಅಲ್ಲಿಂದಲೂ ಕೇಳಬಹುದು.

ದಾವೆಯ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. ಯುದ್ಧ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವ ಯೋಧನು ಹಾಜರಾಗಲಾಗದಿದ್ದರೆ ಮೊಕದ್ದಮೆಯನ್ನು ತಡೆಹಿಡಿಯಲು 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆಯಲ್ಲಿ ಅವಕಾಶವಿದೆ. ಮಗ ಹೊರಡುವ ಮೊದಲೇ ದಾವೆಯ ಸಂಖ್ಯೆ ಮತ್ತು ಮುಂದಿನ ವಾಯಿದೆಯ ದಿನಾಂಕವನ್ನು ಬರೆದು ಅವನ ಕೈಗೆ ಕೊಡಿ. ನ್ಯಾಯಾಲಯಕ್ಕೆ ಬೇಕಾದ ಪ್ರಮಾಣಪತ್ರವನ್ನು ಘಟಕದಿಂದ ಅವನೇ ಕೇಳಬೇಕಾಗುತ್ತದೆ.