ಮಡಗಾಂವಿಗೆ ಹೊಸದಾಗಿ ಬಂದ ಶಿಕ್ಷಕಿಗೆ

ಧಾರವಾಡದಿಂದ ಮಡಗಾಂವಿಗೆ ಗಣಿತ ಶಿಕ್ಷಕಿಯಾಗಿ ಬಂದಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಕನ್ನಡದವರಿಗೆ ಗೋವಾದ ಬದುಕು ಒಗ್ಗುತ್ತದೆಯೇ ಎಂಬುದು ಒಂದು. ಬಾಡಿಗೆಯ ಹೊರತು ಒಂದು ರೂಪಾಯಿಯನ್ನೂ ಮುಟ್ಟದೆ ದಿನವೂ ಊಟದ ಹೊತ್ತಿಗೆ ಏನಾದರೂ ಕಳಿಸುವ, ಮಕ್ಕಳು ದೂರವಿರುವ ಕ್ರೈಸ್ತ ಮನೆಯೊಡತಿಯ ಋಣವನ್ನು ಹೇಗೆ ತೀರಿಸಲಿ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಚಿಕ್ಕದು, ಒಗ್ಗುತ್ತದೆ. ಮಧ್ಯಾಹ್ನ ಪೇಟೆ ಮಲಗಿರುತ್ತದೆ, ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಒಂದು ವರ್ಷದಲ್ಲಿ ಇವೆಲ್ಲ ರೂಢಿಯಾಗುತ್ತವೆ. ಸರ್ಕಾರಿ ಬಸ್ಸಿನ ಮೇಲೆ ‘ಕದಂಬ’ ಎಂಬ ಹೆಸರು ಕಂಡಾಗ ನಮ್ಮವರಿಗೆ ಆಗುವ ಹಿಗ್ಗನ್ನು ಮಾತ್ರ ಇಲ್ಲಿಯವರ ಮುಂದೆ ಹೆಚ್ಚು ತೋರಿಸಬೇಡಿ. ಗೋವಾದ ಚಾಂದೋರಿನಲ್ಲಿ ರಾಜಧಾನಿ ಮಾಡಿಕೊಂಡಿದ್ದ ಕದಂಬರು ಅವರಿಗೂ ತಮ್ಮವರೇ.

ಎರಡನೆಯದಕ್ಕೆ ನನ್ನ ಅನುಭವವನ್ನೇ ಹೇಳಬೇಕಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಸಾಲ್ಸೆಟ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕ್ರೈಸ್ತ ವೃದ್ಧೆಯೊಬ್ಬರ ಮನೆಯಲ್ಲಿದ್ದೆ. 1961ರ ಡಿಸೆಂಬರ್ 19ಕ್ಕೆ ಮೊದಲು ಗೋವಾದಲ್ಲಿ ಹುಟ್ಟಿದವರಿಗೂ ಅವರ ಮಕ್ಕಳಿಗೂ ಪೋರ್ಚುಗಲ್ ಪೌರತ್ವ ಪಡೆಯುವ ದಾರಿ ಇರುವುದರಿಂದ, ಆ ವೃದ್ಧೆಯ ಮಕ್ಕಳು ಆ ಪಾಸ್‌ಪೋರ್ಟಿನ ಮೇಲೆ ಇಂಗ್ಲೆಂಡಿಗೆ ಹೋಗಿ ನೆಲೆಸಿದ್ದರು. ನಾನು ಮೀನು ತಿನ್ನುವುದಿಲ್ಲವೆಂದು ತಿಳಿದ ಮರುದಿನವೇ ಅವರು ಬೇರೊಂದು ಮಣ್ಣಿನ ಗಡಿಗೆ ತೆಗೆದು, ಕೆಲಸದವಳು ತಪ್ಪಿ ಅದರಲ್ಲಿ ಮೀನಿನ ಸಾರು ಕಾಯಿಸದಿರಲೆಂದು ಅದರ ಕಂಠಕ್ಕೆ ಕೆಂಪು ದಾರ ಕಟ್ಟಿ, ಅಳಸಂದೆಯ ತೋಣಕ ಎಂಬ ಮಸಾಲೆ ಸಾರು ಮಾಡತೊಡಗಿದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಪೇಟೆಯಲ್ಲಿ ತಾಜಾ ಮೀನು ತುಟ್ಟಿಯಾಗುವ ಆ ದಿನಗಳಲ್ಲಿ ಅವರು ನನ್ನ ಗಡಿಗೆಯಿಂದಲೇ ಬಡಿಸಿಕೊಂಡು, “ಈಗ ನಾನೂ ನಿನ್ನ ಜಾತಿಯವಳೇ” ಎಂದು ನಗುತ್ತಿದ್ದರು.

ಊರಿನಿಂದ ಪೇಡೆ ತಂದುಕೊಡುವುದು ಒಳ್ಳೆಯದೇ. ಆದರೆ ನೀವು ಒಂದು ಕೊಟ್ಟರೆ ಅವರು ಎರಡು ಕೊಡುತ್ತಾರೆ, ಕೊನೆಗೆ ಅದು ಲೆಕ್ಕದ ಪುಸ್ತಕವಾಗುತ್ತದೆ. ಮಕ್ಕಳು ದೂರವಿರುವ ಇಂತಹ ಮನೆಗೆ ಬೇಕಾಗಿರುವುದು ಓಡಾಡುವ ಕಾಲು, ಓದಿ ಹೇಳುವ ಕಣ್ಣು: ಮನೆ ತೆರಿಗೆ, ಬ್ಯಾಂಕಿನ ಕಾಗದ, ಆಸ್ಪತ್ರೆಯ ಸರದಿ. ಮೇ ತಿಂಗಳಿನಲ್ಲಿ ಓಣಿಯ ಶಿಲುಬೆಯ ಮುಂದೆ ಲಾದೈನ್ ಪ್ರಾರ್ಥನೆ ನಡೆದಾಗ ಹೋಗಿ ಕುಳಿತುಕೊಳ್ಳಿ. ಪ್ರಾರ್ಥನೆ ಬರಬೇಕಾಗಿಲ್ಲ, ಮುಗಿದ ಮೇಲೆ ಕೊಡುವ ಬೇಯಿಸಿದ ಕಡಲೆಯನ್ನು ಎಲ್ಲರೊಂದಿಗೆ ನಿಂತು ತಿಂದರೆ ಸಾಕು. ಕ್ರಿಸ್‌ಮಸ್‌ನಲ್ಲಿ ದೊದೊಲ್, ನೆವ್ರಿ ಎಂಬ ಸಿಹಿತಿಂಡಿಗಳ ತಟ್ಟೆಯನ್ನು ನೆರೆಯ ಹಿಂದೂ ಮನೆಗಳಿಗೆ ಮುಟ್ಟಿಸುವ ಕೆಲಸವನ್ನು ಕೇಳಿ ಪಡೆದುಕೊಳ್ಳಿ.

ಮಹದಾಯಿ ನದಿ ನೀರಿನ ಜಗಳದ ಮಾತು ಬಂದೇ ಬರುತ್ತದೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿದೆ. ನಮಗೆ ಅದು ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿನ ಪ್ರಶ್ನೆ, ಅವರಿಗೆ ಗೋವಾದಲ್ಲಿ ಮಾಂಡವಿ ಎನಿಸಿಕೊಳ್ಳುವ ಅದೇ ನದಿ ಉಪ್ಪಾಗುವ ಭಯ. ಊಟಕ್ಕೆ ಕುಳಿತಾಗ ಅದನ್ನು ಎತ್ತಬೇಡಿ.

ಆದರೆ ಋಣವಿದೆಯೆಂದು ಎಲ್ಲಕ್ಕೂ ಬಾಯಿ ಮುಚ್ಚಿಕೊಂಡಿರಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನನ್ನನ್ನು ಮಗಳಂತೆ ನೋಡಿದ ಅದೇ ಹಿರಿಯರು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದ ಗಾರೆ ಕೆಲಸದವರನ್ನು ‘ಘಾಂಟಿ’ (ಘಟ್ಟದವರು) ಎಂದು ಹಗುರವಾಗಿ ಕರೆಯುತ್ತಿದ್ದರು. ನಮಗೆ ಸಿಗುವ ಆದರದಲ್ಲಿ ಟೀಚರ್ ಎಂಬ ಹೆಸರಿನ ಪಾಲು ದೊಡ್ಡದು. ಅವರ ಅನುಮತಿ ಕೇಳಿಯೇ ನಾನು ಆ ಕಾರ್ಮಿಕರ ಮಕ್ಕಳಿಬ್ಬರನ್ನು ಭಾನುವಾರ ಮುಂಬಾಗಿಲ ಕಟ್ಟೆಯ ಮೇಲೆ ಕೂರಿಸಿಕೊಂಡು ಲೆಕ್ಕ ಹೇಳಿಕೊಡತೊಡಗಿದೆ. ಕೆಲವು ವಾರ ಆ ಹಿರಿಯರು ಒಳಗೇ ಉಳಿದರು. ಆಮೇಲೆ ಸೈಕಲ್ಲಿನಲ್ಲಿ ಬ್ರೆಡ್ ಮಾರುವ ಪೊದೇರನ ಹಾರ್ನ್ ಕೇಳಿದಾಗ ಮಕ್ಕಳಿಗೆಂದು ಎರಡು ಪೊಯಿ ಬ್ರೆಡ್ ಹೆಚ್ಚಿಗೆ ಕೊಳ್ಳತೊಡಗಿದರು. ಅವರ ಮಾತು ಪೂರ್ತಿ ಬದಲಾಯಿತೆಂದು ಹೇಳಲಾರೆ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಬಾಡಿಗೆದಾರರ ವಿವರವನ್ನು ಪೊಲೀಸ್ ಠಾಣೆಗೆ ಸಲ್ಲಿಸುವುದು ಇಲ್ಲಿ ಮನೆಯವರ ಹೊಣೆ; ಆ ಅರ್ಜಿಯನ್ನು ನೀವೇ ತುಂಬಿ, ಆಧಾರ್ ಪ್ರತಿ ಲಗತ್ತಿಸಿ, ಸಹಿಗೆ ಅವರ ಮುಂದಿಡಿ. ಅವರಿಗೆ ಪಿಂಚಣಿ ಬರುತ್ತಿದ್ದರೆ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆ ದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಅವರ ಜೊತೆಯಲ್ಲಿ ಹೋಗಿಬನ್ನಿ.