ಆ ನರ್ಸ್ ಯಾರು?

ನಮಸ್ಕಾರ.

ನಿಮ್ಮ ಕಿರುಚಿತ್ರದ ಸ್ಕ್ರಿಪ್ಟನ್ನು ಎರಡು ಸಲ ಓದಿದೆ. ಕಾಸರಗೋಡಿನ ಬದಿಯಡ್ಕದ ಬಸ್ ಕಂಡಕ್ಟರ್, ಮನೆಯಲ್ಲಿ ಬೀಡಿ ಕಟ್ಟುವ ಹೆಂಡತಿ, ಕಾಞಂಗಾಡಿನ ಮಲಯಾಳಿ ನರ್ಸ್ ಜೊತೆ ಅವನ ಗುಟ್ಟಿನ ಸಂಬಂಧ. "ನಮ್ಮ ಸಪ್ತಭಾಷೆಯ ನೆಲದ ಎಲ್ಲರಿಗೂ ಜಾಗ ಕೊಟ್ಟಿದ್ದೇನೆ, ಪ್ರಾತಿನಿಧ್ಯ ಸರಿಯಾಗಿದೆಯಾ ನೋಡಿ" ಅಂತ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ, ಸರಿಯಾಗಿಲ್ಲ.

ಎಲ್ಲರೂ ಇದ್ದಾರೆ, ನಿಜ. ಯಾರಿಗೆ ಯಾವ ಕೆಲಸ ಸಿಕ್ಕಿದೆ ನೋಡಿ. ಬ್ಯಾರಿ ಮೀನಿನವನು ಸುದ್ದಿ ತರುತ್ತಾನೆ. ಕೊಂಕಣಿ ಹೋಟೆಲಿನವರು ನಗಿಸುತ್ತಾರೆ. ಕೊರಗ ಸಮುದಾಯದ ಹೆಂಗಸು ಬುಟ್ಟಿ ಹೊತ್ತು ಎರಡು ಸಲ ಹಾದುಹೋಗುತ್ತಾಳೆ, ಅವಳಿಗೆ ಹೆಸರೂ ಇಲ್ಲ. ತಪ್ಪು ಮಾತ್ರ ಪೂರ್ತಿ ಆ ನರ್ಸಿನ ತಲೆಗೆ. ಮೂರು ದೃಶ್ಯದಲ್ಲಿದ್ದಾಳೆ, ಮೂರರಲ್ಲೂ ಮಲ್ಲಿಗೆ ಮುಡಿದು ನಗುತ್ತಾಳೆ. ಗಂಡನಿಗೆ ಎರಡು ಪುಟದ ಪಶ್ಚಾತ್ತಾಪ ಬರೆದಿದ್ದೀರಿ. ಅವಳು ನೈಟ್ ಡ್ಯೂಟಿ ಮುಗಿಸಿ ಯಾರಿರುವ ಮನೆಗೆ ಹೋಗುತ್ತಾಳೆ? ಅವನಿಗೆ ಮದುವೆಯಾಗಿದೆ ಅಂತ ಅವಳಿಗೆ ಗೊತ್ತಿತ್ತಾ? ಒಂದು ಸಾಲೂ ಇಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನೋವು ನನಗೂ ಇದೆ. ಆ ಸಿಟ್ಟನ್ನು ಒಬ್ಬ ನರ್ಸಿನ ಮೇಲೆ ತೀರಿಸಬೇಡಿ.

ಇನ್ನು ಭಾಷೆ. ಎಲ್ಲರೂ ಬೆಂಗಳೂರಿನ ಸೀರಿಯಲ್ ಕನ್ನಡ ಮಾತಾಡುತ್ತಾರೆ. ನಿಮ್ಮ ಕಥೆಯ ಜೀವವೇ ಅಲ್ಲಿತ್ತು ಅಲ್ವಾ? ಹತ್ತನೇ ದೃಶ್ಯ ತೆಗೆದುಕೊಳ್ಳಿ. ಹೆಂಡತಿ ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಾಳೆ, ಗಂಡ ಅಂಗಳದಲ್ಲಿ ಫೋನಿನಲ್ಲಿದ್ದಾನೆ. ಮನೆಮಾತು ತುಳು, ಮಕ್ಕಳ ಶಾಲೆ ಕನ್ನಡದ್ದು. ಫೋನಿಗೆ ಮಾತ್ರ ಅವನು ಮೆಲ್ಲಗೆ ಮಲಯಾಳಕ್ಕೆ ಹೊರಳಲಿ. ಇವಳಿಗೆ ಅರ್ಥ ಆಗುವುದಿಲ್ಲ ಅಂತ ಅವನ ಧೈರ್ಯ. ಇವಳೋ ರೇಷನ್ ಅಂಗಡಿ, ಪಂಚಾಯತ್ ಆಫೀಸು, ಆಸ್ಪತ್ರೆ ಅಂತ ವರ್ಷಗಟ್ಟಲೆ ಅಲೆದು ಆ ಭಾಷೆ ಕಲಿತವಳು. ಅವನು ಅದನ್ನು ಒಮ್ಮೆಯೂ ಗಮನಿಸಿಲ್ಲ. ಊಟ ಆಯ್ತಾ ಅಂತ ಅವನು ಮಲಯಾಳದಲ್ಲಿ ಕೇಳುತ್ತಾನೆ. ಇವಳನ್ನು ಅಷ್ಟು ಮೆತ್ತಗೆ ಕೇಳಿ ಎಷ್ಟು ಕಾಲವಾಯಿತೋ. ನೂಲು ಸುತ್ತುತ್ತಿದ್ದ ಬೆರಳು ಅಲ್ಲೇ ನಿಲ್ಲಲಿ, ಸಾಕು. ಈಗಿರುವ ಲಿಪ್‌ಸ್ಟಿಕ್ ಗುರುತಿನ ಅಂಗಿ ತೆಗೆದುಬಿಡಿ.

ಕೊನೆಯಲ್ಲಿ ಹೆಂಡತಿಯ ದೂರಿನ ಮೇಲೆ ಪೊಲೀಸರು ಗಂಡನನ್ನೂ ನರ್ಸನ್ನೂ ಹಿಡಿದುಕೊಂಡು ಹೋಗುತ್ತಾರೆ. ಹಾಗೆ ಆಗುವುದಿಲ್ಲ. ವ್ಯಭಿಚಾರದ 497ನೇ ಸೆಕ್ಷನ್ನನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿತು. ಅದಕ್ಕೆ ಮೊದಲೂ ಗಂಡನ ಮೇಲೆ ಹೆಂಡತಿ ಈ ದೂರು ಕೊಡುವ ಹಾಗಿರಲಿಲ್ಲ. ಆ ಸೆಕ್ಷನ್ನಿನಲ್ಲಿ ಹೆಂಗಸಿಗೆ ಶಿಕ್ಷೆಯೂ ಇರಲಿಲ್ಲ. ವಿಚ್ಛೇದನ ಕೇಳಲು ಮಾತ್ರ ವ್ಯಭಿಚಾರ ಈಗಲೂ ಕಾರಣವಾಗುತ್ತದೆ. ಅವಳು ವಕೀಲರ ಹತ್ತಿರ ಹೋಗಬಹುದು, ತವರಿಗೆ ಹೋಗಬಹುದು, ಎಲ್ಲಿಗೂ ಹೋಗದೆ ಇರಬಹುದು. ಯಾವುದಾದರೂ ಸರಿ, ತೀರ್ಮಾನ ಅವಳದಾಗಿರಲಿ.

ಕೊರಗ ಹೆಂಗಸನ್ನು ಸುಮ್ನೆ ಲೆಕ್ಕಕ್ಕೆ ನಿಲ್ಲಿಸಬೇಡಿ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ಹೆಂಡತಿಯ ಜೊತೆಯಲ್ಲಿ ಹೋಗುವ ಗೆಳತಿಯಾಗಿ ಬರಲಿ. ಇವಳ ಮುಖ ಬಾಡಿದ್ದನ್ನು ಮೊದಲು ಕಂಡವಳು ಅವಳೇ ಆಗಬಹುದು. ಮೀನಿನವನು ಸುದ್ದಿ ತರುವುದು ಬೇಕಾಗುವುದೇ ಇಲ್ಲ.

ಒಂದನ್ನು ಮಾತ್ರ ಮುಟ್ಟಬೇಡಿ. ಕಂಡಕ್ಟರ್ ರಾತ್ರಿ ಬಂದು ಬ್ಯಾಗಿನ ಚಿಲ್ಲರೆಯನ್ನು ಚಾಪೆಯ ಮೇಲೆ ಸುರಿಯುವುದು, ಅವಳು ಮಾತಿಲ್ಲದೆ ಎಣಿಸುವುದು. ಅದನ್ನು ಓದಿಯೇ ನಿಮಗೆ ಇಷ್ಟುದ್ದ ಬರೆಯಬೇಕು ಅನ್ನಿಸಿತು.

ಹತ್ತನೇ ದೃಶ್ಯ ಮತ್ತೆ ಬರೆಯಿರಿ, ನರ್ಸಿನ ಮನೆಯ ಒಂದು ದೃಶ್ಯ ಹೊಸದಾಗಿ ಬರೆಯಿರಿ. ಪೂರ್ತಿ ಸ್ಕ್ರಿಪ್ಟ್ ಮುಗಿಯುವವರೆಗೆ ಕಾಯಬೇಡಿ. ಆ ಎರಡನ್ನೇ ಮೊದಲು ಕಳಿಸಿ, ಓದುತ್ತೇನೆ.